ನನ್ನಲ್ಲಿಲ್ಲದ ಕಲಂ

ನಾನು ಒಂದು ದಂಡಸಂಹಿತೆ. ಕಳ್ಳತನ, ಕೊಲೆ, ಮೋಸ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡೇ ಅಚ್ಚುಕೂಟದಲ್ಲಿ ಹುಟ್ಟಿದವನು. ಧಾರವಾಡದ ವಕೀಲ ಅಡಿವೆಪ್ಪ ಹೊಸಮನಿಯವರು ಇಪ್ಪತ್ತು ವರ್ಷ ನನ್ನನ್ನು ಬಗಲಲ್ಲಿಟ್ಟುಕೊಂಡು ಕೋರ್ಟಿಗೆ ಹೋದರು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುವ ಅವರ ಚಟವನ್ನೂ ಸಹಿಸಿಕೊಂಡೆ.

2024ರ ಜುಲೈ ಒಂದಕ್ಕೆ ಹೊಸ ಸಂಹಿತೆ ಜಾರಿಗೆ ಬಂತು. ಒಂದೇ ದಿನದಲ್ಲಿ ನಾನು ಮುದುಕನಾದೆ. ವಕೀಲರ ಮನೆಗೆ ಗಾದಿ ಹೊಲಿಯಲು ಬಂದ ತಂದೆಯ ಜೊತೆಗಿದ್ದ ಮೈಮುನಾ ನದಾಫ್ ನನ್ನನ್ನು ರದ್ದಿಯಿಂದ ಎತ್ತಿಕೊಂಡಳು. ಅವಳು ಕಾನೂನು ವಿದ್ಯಾರ್ಥಿನಿ.

“ಒಯ್ಯವಾ, ಆದ್ರ ಅದು ಸತ್ತ ಕಾನೂನು,” ಎಂದರು ವಕೀಲರು.

ಮರುವರ್ಷ ಕಾಲೇಜಿನಲ್ಲಿ ಅಣಕು ನ್ಯಾಯಾಲಯ ಸ್ಪರ್ಧೆ. ಹೆಸರಿಗಷ್ಟೇ ಅಣಕು, ಹುಡುಗರ ಬೆವರು ಅಪ್ಪಟ ನಿಜ. ಗೆದ್ದವರನ್ನು ಹಿರಿಯ ವಕೀಲರೊಬ್ಬರು ಜೂನಿಯರ್ ಆಗಿ ಸೇರಿಸಿಕೊಳ್ಳುವವರಿದ್ದರು. ಬಳಗದಲ್ಲಿ ಒಬ್ಬ ವಕೀಲನೂ ಇಲ್ಲದ ಮೈಮುನಾಳಿಗೆ ಅದೊಂದೇ ಬಾಗಿಲು.

ಸ್ಪರ್ಧೆಗೆ ಕೊಟ್ಟ ಕಲ್ಪಿತ ಪ್ರಕರಣದಲ್ಲಿ, ಬಸ್ ನಿಲ್ದಾಣದಲ್ಲಿ ಗುಂಪು ಕಟ್ಟಿಕೊಂಡು ಕಿಸೆ ಕತ್ತರಿಸಿದರೆಂದು ಮೂವರ ಮೇಲೆ ಆರೋಪ, ಹಾಕಿದ್ದು ಹೊಸ ಸಂಹಿತೆಯ ‘ಸಣ್ಣ ಸಂಘಟಿತ ಅಪರಾಧ’ದ ಕಲಂ. ಮೈಮುನಾ ಆರೋಪಿಗಳ ಪರ. ಹೊಸ ಕಲಂಗೆ ಹಳೆಯ ಜೋಡಿ ಯಾವುದೆಂದು ಹುಡುಕುವುದು ಈಗಿನವರೆಲ್ಲರ ರೂಢಿ. ಅವಳೂ ನನ್ನನ್ನು ಎರಡೆರಡು ಸಲ ತಿರುವಿದಳು.

“ನಿನ್ನಾಗ ಇಲ್ಲss ಇಲ್ಲಲ್ಲೋ!” ಎಂದು ಗೊಣಗಿದಳು. ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಪ್ರಕರಣದ ಹಾಳೆಯಲ್ಲಿದ್ದ ತಾರೀಖಿನ ಮೇಲೆ ಅವಳ ಕಣ್ಣು ಬಿತ್ತು.

ಫೈನಲ್ ದಿನ ಪೀಠದಲ್ಲಿದ್ದ ನಿವೃತ್ತ ನ್ಯಾಯಾಧೀಶರು ನನ್ನನ್ನು ಕಂಡು, “ಏನವಾ, ರದ್ದಾದ ಪುಸ್ತಕ ಹಿಡಕೊಂಡು ಬಂದೀಯಲ್ಲ?” ಎಂದರು. ಸಭಾಂಗಣ ಗೊಳ್ಳೆಂದು ನಕ್ಕಿತು. ಮೈಮುನಾ ನನ್ನನ್ನು ಎತ್ತಿ ಹಿಡಿದಳು. ಬಾಯಿಪಾಠ ಮಾಡಿದ್ದ ಗ್ರಾಂಥಿಕ ಭಾಷೆ ಹಾರಿಹೋಯಿತು.

“ಘಟನೆ 2024ರ ಜೂನ್ ಮೂವತ್ತರ ಸಂಜೀದ್ರೀ, ಮಹಾಸ್ವಾಮಿ. ಅವತ್ತು ಇದss ಕಾನೂನು. ಇದರಾಗ ಕಳ್ಳತನ ಐತಿ, ಈ ಕಲಂ ಇಲ್ಲ. ಮಾಡಿದ ದಿನ ಇಲ್ಲದ ಅಪರಾಧಕ್ಕ ಮರುದಿನದ ಕಾನೂನಿಂದ ಶಿಕ್ಷಾ ಕೊಡಾಕ ಬರೂದಿಲ್ರೀ.”

ನ್ಯಾಯಾಧೀಶರು ಕನ್ನಡಕ ಏರಿಸಿ ಹಾಳೆ ನೋಡಿದರು. ಎದುರು ತಂಡದವರೂ ಆ ತಾರೀಖನ್ನು ಆಗಲೇ ಮೊದಲ ಸಲ ಓದಿದಂತಿತ್ತು.

ಮೈಮುನಾ ಗೆದ್ದಳು. ಈಗ ಆ ಹಿರಿಯರ ಆಫೀಸಿನಲ್ಲಿ ಅವಳಿಗೊಂದು ಮೇಜು, ಅದರ ಮೂಲೆಯಲ್ಲಿ ನಾನು. ಹಳೆಯ ತಾರೀಖಿನ ಫೈಲು ಬಂದರೆ ಅವಳ ಕೈ ನನ್ನ ಕಡೆ ಬರುತ್ತದೆ. ಅಂಥವು ಕಡಿಮೆಯಾಗುತ್ತಿವೆ, ಒಂದು ದಿನ ಪೂರ್ತಿ ನಿಂತುಹೋಗುತ್ತವೆ. ಆಗಲಿ, ನನಗೆ ಬೇಸರವಿಲ್ಲ. ನನ್ನಲ್ಲಿರುವುದನ್ನು ಓದುವವರು ಬೇಕಾದಷ್ಟು ಜನ ಸಿಕ್ಕರು. ಇಲ್ಲದ್ದನ್ನು ಓದಿದವಳು ಇವಳೊಬ್ಬಳೇ, ಅವಳಿಗೆ ನಾನು ಋಣಿ.