ಫೋಟೋಕ್ಕೆ ನಿಂತವಳು

ಹೂವಿನ ಬುಟ್ಟಿಯನ್ನು ದರ್ಜಿಯ ಕೈಯಿಂದ ಕಿತ್ತುಕೊಂಡು ತಂಗಿ ತಾನೇ ತೀರಿಕೊಂಡ ಅಕ್ಕನ ತಲೆಯ ಬಳಿ ಇಟ್ಟಳು. ಬೆಳಗಿನಿಂದ ಬೀದಿಗೆ ಬೀದಿಯೇ ಬಂದು ಅಳುತ್ತಿತ್ತು. ಶಾಲೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಒಂಟಿ ಹೆಂಗಸಿಗೆ ಇಷ್ಟೊಂದು ಜನವೇ? ತಂಗಿಗೆ ಹೊಟ್ಟೆ ಉರಿಯಿತು. ಸತ್ತವಳ ಮೇಲೂ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಎಂದು ಅವಳಿಗೂ ಗೊತ್ತಿತ್ತು. ಆದರೂ ಉರಿಯಿತು.

“ನಾನ್ ಸತ್ರೆ ನಾಲ್ಕು ಜನಾನೂ ಸಿಗಲ್ಲ,” ಎಂದಳು.

“ನಾನ್ ಬದುಕಿದ್ರೆ ಬರ್ತೀನಿ ಬಿಡಮ್ಮ,” ಎಂದ ಮುದುಕ ದರ್ಜಿ. “ನಿಮ್ಮಕ್ಕ ನನ್ನ ಮಾನ ಉಳಿಸಿದೋಳು.”

*

ರೋಗದ ವರ್ಷ ಬೀದಿಯ ಎರಡೂ ತುದಿಗೆ ತಡೆ ಹಾಕಿದ್ದರು. ವಾರಕ್ಕೊಮ್ಮೆ ವಾರ್ಡಿನ ಸದಸ್ಯರು ದಿನಸಿ ಚೀಲ ತರುತ್ತಿದ್ದರು. ಚೀಲದ ಮೇಲೆ ಅವರದೇ ಮುಖ. ಅದೂ ಸಾಲದೆಂದು, ಚೀಲ ಪಡೆದವರು ಅವರ ಪಕ್ಕ ಫೋಟೋಕ್ಕೆ ನಿಲ್ಲಬೇಕಿತ್ತು; ಮರುದಿನ ಅದು ಪೇಪರಿನಲ್ಲಿ ಬರುತ್ತಿತ್ತು. ದರ್ಜಿಯಂಥ ಮಾನವಂತರು ಹಸಿದುಕೊಂಡೇ ಬಾಗಿಲು ಹಾಕಿಕೊಂಡರು.

ಅವರ ಬದಲು ಅಕ್ಕ ನಿಂತು ಚೀಲ ತಂದುಕೊಟ್ಟಳು. ಮಾಸ್ಕ್ ಹಾಕಿದ ಮೇಲೆ ಎಲ್ಲರೂ ಒಂದೇ. ಬಟ್ಟೆ ಬದಲಾಯಿಸಿ ಆರಾರು ಸಲ ನಿಂತರೂ ಸದಸ್ಯರಿಗೆ ಪತ್ತೆಯಾಗಲಿಲ್ಲ. ಒಂದು ಫೋಟೋದಲ್ಲಂತೂ ಅಕ್ಕ ತಂಗಿಯ ನೀಲಿ ಸ್ವೆಟರನ್ನೇ ಹಾಕಿಕೊಂಡಿದ್ದಳು. ಸ್ವೆಟರ್ ತನ್ನದು, ಹೊಗಳಿಕೆ ಅವಳಿಗೆ.

ತಂಗಿ ಪೇಪರುಗಳನ್ನು ಹಿಡಿದು ಸದಸ್ಯರ ಕಚೇರಿಗೆ ಹೋದಳು. “ನೋಡಿ ಸರ್, ಇದರಲ್ಲೆಲ್ಲ ಇರೋದು ನಮ್ಮಕ್ಕ ಒಬ್ಬಳೇ.”

ಅಕ್ಕನಿಗೆ ನಾಲ್ಕು ಬೈಗುಳ ಬಿದ್ದರೆ ಸಾಕು ಎಂದುಕೊಂಡಿದ್ದಳು. ಆದರೆ ಮೂರು ವಾರ ಇಡೀ ಬೀದಿಗೆ ಚೀಲವೇ ಬರಲಿಲ್ಲ.

*

“ಅವತ್ತು ಚಾಡಿ ಹೇಳಿದ್ದು ಯಾರಂತೆ?” ತಂಗಿ ನೆಲ ನೋಡುತ್ತ ದರ್ಜಿಯನ್ನು ಕೇಳಿದಳು.

“ಚಾಡಿ ಎಲ್ಲಿ ಬಂತು? ‘ಸದಸ್ಯರು ಕೇಳಿದ್ರು, ನಾನೇ ಬಾಯಿಬಿಟ್ಟೆ’ ಅಂದ್ಲು ನಿಮ್ಮಕ್ಕ. ತಿಂಗಳುಗಟ್ಟಲೆ ಬೀದೀಲಿ ಯಾರೂ ಅವಳನ್ನ ಮಾತಾಡಿಸ್ಲಿಲ್ಲ. ಆಮೇಲೆ ನಮಗೇ ನಾಚಿಕೆ ಆಯ್ತು.”

ಅಂದರೆ ಹೇಳಿದ್ದು ಯಾರೆಂದು ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಮೂರು ವಾರ ತನ್ನ ತಟ್ಟೆಯದನ್ನು ತಂಗಿಯ ತಟ್ಟೆಗೆ ಹಾಕಿದ್ದಳು. ತಂಗಿಗೆ ಅಳು ಒತ್ತರಿಸಿ ಬಂತು, ಬೆನ್ನಿಗೇ ಹಳೆಯ ಉರಿಯೂ ಬಂತು. ಇದರಲ್ಲೂ ಅವಳದೇ ಮೇಲುಗೈ.

ಅಷ್ಟರಲ್ಲಿ ಸದಸ್ಯರು ದೊಡ್ಡ ಹಾರ ಹಿಡಿದು ಒಳಗೆ ಬಂದರು. ಹಿಂದೆಯೇ ಫೋಟೋದವನು.

“ಸ್ವಲ್ಪ ಸರೀರಿ. ತೀರ್ಕೊಂಡೋರ ಮುಖ ಚೆನ್ನಾಗಿ ಕಾಣ್ಲಿ,” ಎಂದ ಅವನು.

ತಂಗಿ ಎದ್ದಳು. ಬಿಳಿ ಬಟ್ಟೆಯನ್ನು ಮೇಲಕ್ಕೆಳೆದು ಅಕ್ಕನ ಮುಖ ಮುಚ್ಚಿ, ಅಡ್ಡ ನಿಂತಳು.

“ಅವಳನ್ನ ಬಿಟ್ಬಿಡಿ. ನಂದು ತಗೊಳ್ಳಿ. ಅವತ್ತು ಇವರಿಗೆ ಚಾಡಿ ಹೇಳಿದ್ದು ನಾನು, ಅವಳಲ್ಲ. ಅದನ್ನೂ ಪೇಪರಲ್ಲಿ ಹಾಕಿ.”

ಸದಸ್ಯರು ಹಾರ ಹಿಡಿದುಕೊಂಡೇ ನಿಂತರು. ಬೀದಿಯ ಜನರೆಲ್ಲ ತಂಗಿಯನ್ನೇ ನೋಡಿದರು. ಅವಳು ಮುಖ ತಿರುಗಿಸದೆ ಕ್ಯಾಮೆರಾದ ಎದುರು ನಿಂತಿದ್ದಳು.