ಅಮ್ಮ ಸರಿಸಿದ ಸಾಲು

ಅಂಗಡಿಯಿಂದ ಬಂದಾಗ ಬಾಗಿಲು ತೆರೆದೇ ಇತ್ತು, ಮಗಳು ಇರಲಿಲ್ಲ. ಐದು ವರ್ಷದ ಕೂಸು. ನಡುಮನೆಯ ಗಾಲಿಕುರ್ಚಿಯಲ್ಲಿ ಅಮ್ಮ ಒಬ್ಬಳೇ ಅಳುತ್ತ, ಎಡಗೈಯನ್ನು ಎದುರಿಗೇ ಕಾಣುವ ಕೋಣೆಯ ಕಡೆ ಬೀಸುತ್ತಿದ್ದಳು. ಕೋಣೆ ಜಾಲಾಡಿದೆ. ಬಾಗಿಲ ಹಿಂದೆ, ಬೀರುವಿನೊಳಗೆ, ಪರದೆಯ ಮರೆಯಲ್ಲಿ, ಎಲ್ಲೂ ಇಲ್ಲ. ಬೀದಿಗೆ ಓಡಿ ಎದುರಿನ ಟೈಲರನ್ನು ಕೇಳಿದೆ. ಮಗು ಹೊರಗೆ ಬಂದದ್ದನ್ನು ನೋಡಲಿಲ್ಲವೆಂದ. ಅವನ ಕಣ್ಣೆಲ್ಲ ಸೂಜಿಯ ಮೇಲೆ, ಅವನ ಮಾತು ಕಟ್ಟಿಕೊಂಡು ಏನಾಗಬೇಕು?

ವಾಪಸು ಬಂದು ಅಮ್ಮನ ಮೇಲೆ ಹರಿಹಾಯ್ದೆ. ಲಕ್ವ ಹೊಡೆದ ಮೇಲೆ ಅವಳಿಗೆ ಮಾತಿಲ್ಲ, ಬರೆಯಲೂ ಬಾರದು. ಗೊತ್ತಿದ್ದೂ ಕಿರುಚಿದೆ, ಅಷ್ಟು ಭಯವಾಗಿತ್ತು. ಅವಳಲ್ಲಿ ಉಳಿದಿದ್ದು ವಿಮಾ ಕಚೇರಿಯ ದೊಡ್ಡ ಕಂಪ್ಯೂಟರಿನಲ್ಲಿ ಜೀವಮಾನವೆಲ್ಲ ಬಡಿದ ಕಮ್ಯಾಂಡುಗಳು ಮಾತ್ರ. ಅದಕ್ಕೇ ನನ್ನ ತಮ್ಮ ಆ ಕಾಲದ ಎಡಿಟರಿನಂತೆಯೇ ನಡೆದುಕೊಳ್ಳುವ ಪ್ರೋಗ್ರಾಮೊಂದನ್ನು ಲ್ಯಾಪ್‌ಟಾಪಿಗೆ ಹಾಕಿಕೊಟ್ಟಿದ್ದ. ಕಪ್ಪು ತೆರೆ, ಹಸಿರು ಅಕ್ಷರ, ಮೌಸಿನ ಹಂಗಿಲ್ಲ. ಅಭ್ಯಾಸಕ್ಕೆಂದು ಮನೆಯ ಜನ, ಸಾಮಾನು ಎಲ್ಲವನ್ನೂ ಸಾಲಿಗೊಂದರಂತೆ ಬರೆದಿಟ್ಟಿದ್ದ.

ಅಮ್ಮ ಅದನ್ನು ತೊಡೆಯ ಮೇಲೆ ಎಳೆದುಕೊಂಡಳು. 'ಮೊಮ್ಮಗಳು' ಎಂಬ ಸಾಲಿನ ಮುಂದೆ 'ಎಂ' ಒತ್ತಿದಳು, ಅಂದರೆ ಸರಿಸು; 'ಮಂಚ'ದ ಮುಂದೆ 'ಎ', ಅಂದರೆ ಇದರ ಕೆಳಕ್ಕೆ. ಎಂಟರ್ ಒತ್ತಿದ್ದೇ ತಡ, ತೆರೆಯ ಮೇಲೆ 'ಮೊಮ್ಮಗಳು' ಸಾಲು ಎದ್ದು ಹೋಗಿ 'ಮಂಚ'ದ ಕೆಳಗೆ ಕೂತಿತು.

"ಆ ಮಂಚಕ್ಕೆ ಅಡೀನೇ ಇಲ್ವಲ್ಲಮ್ಮ, ನೆಲದ ತನಕ ಹಲಗೆ. ಇದು ಆಟ ಆಡೋ ಹೊತ್ತಾ?" ಎಂದೆ.

ಅವಳು ತಲೆ ಕೊಡವಿ ಮೊಮ್ಮಗಳ ಸಾಲಿನ ಮುಂದೆ ಇನ್ನೊಂದು ಅಕ್ಷರ ಒತ್ತಿದಳು. ಸಾಲು ಮಾಯ. ಅಲ್ಲಿ ಬರೀ ಗೀಟುಗಳು. ಅಳಿಸಿಬಿಟ್ಟಳು, ಮಗು ಇನ್ನಿಲ್ಲ ಅನ್ನುತ್ತಿದ್ದಾಳೆ ಎಂದುಕೊಂಡೆ. ಆದರೆ ಅಮ್ಮ 'ರೀಸೆಟ್' ಎಂದು ಟೈಪು ಮಾಡಿದಳು, ಸಾಲು ಮರಳಿ ಬಂತು. ಮತ್ತೆ ಅದೇ ಅಕ್ಷರ ಒತ್ತುವಾಗ ಬೆರಳನ್ನೇ ನೋಡಿದೆ. ಅದು 'ಡಿ' ಅಲ್ಲ, 'ಎಕ್ಸ್'. ತಮ್ಮ ಹೇಳಿದ್ದ, ಡಿ ಒತ್ತಿದರೆ ಸಾಲು ಹೋದಂತೆಯೇ. ಎಕ್ಸ್ ಒತ್ತಿದರೆ ಇದ್ದಲ್ಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಅಯ್ಯೋ, ಹಾಸಿಗೆಯಡಿ ರಗ್ಗು ತುಂಬಿಡುವ ಮಂಚದೊಳಗಿನ ಪೆಟ್ಟಿಗೆ! ಬೆಳಿಗ್ಗೆ ರಗ್ಗು ತೆಗೆದು ಮುಚ್ಚಳ ತೆರೆದೇ ಬಿಟ್ಟು ಹೋದವಳು ನಾನೇ, ಅಮ್ಮನನ್ನು ಬೈದವಳೂ ನಾನೇ.

ಹಾಸಿಗೆ ಸಮೇತ ಮುಚ್ಚಳ ಎತ್ತಲು ಹೋದರೆ ಅದು ಬಿದ್ದು ಕಚ್ಚಿಕೊಂಡಿತ್ತು. ಅತ್ತುಕೊಂಡೇ ಎಳೆದೆ. ರಗ್ಗುಗಳ ಮಧ್ಯೆ ಮಗಳು ಬೆವರಲ್ಲಿ ತೊಯ್ದು ಬಿದ್ದಿದ್ದಳು, ಕಣ್ಣು ಮುಚ್ಚಿತ್ತು. ಕಿಟಕಿಗೆ ಹೊತ್ತೊಯ್ದು ಕೆನ್ನೆ ತಟ್ಟಿದೆ, ಹೆಸರು ಹಿಡಿದು ಕೂಗಿದೆ. ಎಷ್ಟೋ ಹೊತ್ತಿನ ಮೇಲೆ ಕೆಮ್ಮಿದಳು.

"ಅಜ್ಜಿ ಹುಡುಕೋಕೆ ಬರ್ಲೇ ಇಲ್ಲ," ಎಂದು ನನ್ನ ಕತ್ತಿನಲ್ಲಿ ಗೊಣಗಿದಳು.

ನಡುಮನೆಯಲ್ಲಿ ಅಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಳು. ನಾವು ಎದುರಿಗೆ ನಿಂತರೂ ತೆರೆಯಲಿಲ್ಲ. ನೋಡಲು ಹೆದರಿಕೆ. ನಾನು ಮಗುವನ್ನು ಅವಳ ಎದೆಗೆ ಒರಗಿಸಿ, ಆ ಎಡಗೈಯನ್ನು ತೆಗೆದು ಒದ್ದೆ ಬೆನ್ನಿನ ಮೇಲಿಟ್ಟೆ. ಬೆನ್ನು ಏರಿತು, ಇಳಿಯಿತು, ಮತ್ತೆ ಏರಿತು. ಆಗ ಅಮ್ಮ ಕಣ್ಣು ಬಿಟ್ಟಳು.