ರಕ್ತ ಬಾರದ ಪೆಟ್ಟು

ನಮ್ಮ ಕಡೆ ಯಾರಾದರೂ ಬಿದ್ದರೆ ಮೊದಲು ಕೇಳುವ ಮಾತು ಒಂದೇ: "ರಕ್ತ ಬಂತಾ?" ಬರಲಿಲ್ಲ ಅಂದರೆ ಮುಗಿಯಿತು, ಎಲ್ಲರೂ ಅವರವರ ಕೆಲಸಕ್ಕೆ ಹೋಗುತ್ತಾರೆ. ಹೋದ ವರ್ಷ, ೧೯೯೬ರಲ್ಲಿ, ಬೆಂಗಳೂರಿನ ಬಳಿಯ ವಿಜಯಪುರದ ಭೀಮರಾಜನಿಗೂ ಹಾಗೇ ಆಯಿತು.

ಭೀಮರಾಜ ರೇಷ್ಮೆ ನೂಲು ತೆಗೆಯುವ ಕೆಲಸದವನು. ಗೂಡು ಬೇಯಿಸುವ ಮನೆಯ ನೆಲ ಯಾವಾಗಲೂ ಒದ್ದೆ. ಒಂದು ಮಧ್ಯಾಹ್ನ ಕಾಲು ಜಾರಿತು, ತಲೆಯ ಎಡಗಡೆ ಕಲ್ಲುಚಪ್ಪಡಿಗೆ ಬಡಿಯಿತು. ಸ್ವಲ್ಪ ಹೊತ್ತು ಕಣ್ಣು ಕತ್ತಲಿಟ್ಟಿತು. ಆಮೇಲೆ ಎದ್ದು, ತಲೆ ಸವರಿಕೊಂಡು, ನಕ್ಕು, ಮತ್ತೆ ಕೆಲಸಕ್ಕೆ ಕೂತ. ಸಂಜೆ ಮನೆಗೆ ಬಂದವನು ತಲೆನೋವು ಅಂದ, ಮೇಲಿಂದ ಮೇಲೆ ವಾಂತಿ ಮಾಡಿದ.

ಹೆಂಡತಿ ಪ್ರಮೋದಾಗೆ ಭಯವಾಯಿತು. "ಅತ್ತೆ, ಡಾಕ್ಟ್ರ ಹತ್ರ ಹೋಗೋಣ. ಮಧ್ಯಾಹ್ನ ಬಿದ್ದಿದ್ದೆ ಅಂತಾವ್ರೆ."

ಅವನ ತಾಯಿ ಅನುಸೂಯಮ್ಮ ಸೊಸೆಯ ಬಾಯಿ ಮುಚ್ಚಿಸಿದರು. "ಬೆಂದ ಹುಳದ ವಾಸ್ನೆ ಕಣಮ್ಮಾ ಅದು. ಅವರಪ್ಪಂಗೂ ಹಿಂಗೇ ಆಗೋದು. ನಿಂಬೆಹಣ್ಣು ಹಿಂಡಿ ಕೊಡು, ಮಲ್ಗಲಿ. ನಿದ್ದೆ ಮಾಡೋನ್ನ ಎಬ್ಬಿಸ್ಬೇಡ."

ಯಾರೂ ಎಬ್ಬಿಸಲಿಲ್ಲ. ಬೆಳಗ್ಗೆ ಎಬ್ಬಿಸಿದರೆ ಅವನು ಏಳಲಿಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತಲೆಬುರುಡೆ ತೆರೆದು, ಒಳಗೆ ಹೆಪ್ಪುಗಟ್ಟಿದ್ದ ರಕ್ತ ತೆಗೆದರು. ರಕ್ತ ಬಂದಿತ್ತು, ಹೊರಗೆ ಕಾಣಲಿಲ್ಲ ಅಷ್ಟೇ. ಜೀವ ಉಳಿಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ನಿಂತುಹೋಯಿತು. ಕೂದಲಿಗಿಂತ ಸಣ್ಣ ಎಳೆ ಹಿಡಿಯುತ್ತಿದ್ದ ಕೈ ಒಂದು ತುತ್ತು ಎತ್ತಲಾರದಾಯಿತು. ಎಂಥ ಕೆಲಸಗಾರನಿಗೆ ಎಂಥ ಗತಿ.

ದಿನಾ ಕೈಗೆ ವ್ಯಾಯಾಮ ಮಾಡಿಸಿ, ಮಾತು ಹೇಳಿಕೊಡಿ ಎಂದು ಮನೆಗೆ ಕಳಿಸಿದರು. ಪ್ರಮೋದಾ ಬಿಡದೆ ಮಾಡಿಸಿದಳು. ಬೆರಳು ಒಂದಿಷ್ಟು ಅಲ್ಲಾಡತೊಡಗಿತ್ತು. ಅಷ್ಟರಲ್ಲಿ ಅನುಸೂಯಮ್ಮ ರೇಡಿಯೋದಲ್ಲಿ ಒಂದು ಸುದ್ದಿ ಕೇಳಿದರು. ಪೆಟ್ಟಾದ ಮಿದುಳಿನೊಳಗೆ ಲೋಳೆಯಂಥ ಪದಾರ್ಥ ಇಟ್ಟು ಸರಿಪಡಿಸುವ ಸಂಶೋಧನೆ ನಡೆದಿದೆಯಂತೆ. ಅಂದಿನಿಂದ ಸೊಸೆಗೆ ಮಗನ ಕೈ ಮುಟ್ಟಲು ಬಿಡಲಿಲ್ಲ. "ಆ ಲೋಳೆ ಹಾಕಿಸಿದ್ರೆ ಎಲ್ಲಾ ಸರಿಹೋಯ್ತದೆ. ಸುಮ್ನೆ ಯಾಕೆ ತಿರುಚಿ ತಿರುಚಿ ಅವನ್ನ ಅಳಿಸ್ತೀಯ?" ಎಂದರು. ಬೆರಳುಗಳು ಮಡಚಿಕೊಂಡು ಬಿಗಿದುಹೋದವು.

ಊರಿನ ಸರ್ಕಾರಿ ಆಸ್ಪತ್ರೆಯ ನರ್ಸ್ ಮುನಿರತ್ನಮ್ಮ ಮನೆಗೆ ಬಂದು ಆ ಕೈ ನೋಡಿದರು. ಅವರ ಮುಖ ಸಣ್ಣಗಾಯಿತು.

"ವ್ಯಾಯಾಮ ಯಾಕಮ್ಮಾ ನಿಲ್ಲಿಸ್ಬಿಟ್ರಿ?"

"ಆ ಲೋಳೆ ಔಷಧಿ ಎಲ್ಲಿ ಸಿಗ್ತದೆ ಹೇಳ್ರಮ್ಮಾ. ಎಷ್ಟು ದೂರ ಆದ್ರೂ ಕರ್ಕೊಂಡು ಹೋಯ್ತೀನಿ," ಎಂದರು ಅನುಸೂಯಮ್ಮ.

"ಎಲ್ಲೂ ಸಿಗಲ್ಲ ಅನುಸೂಯಮ್ಮಾ. ರೇಡಿಯೋದವ್ರು ಸುಳ್ಳು ಹೇಳಿಲ್ಲ. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದ್ರೆ ಸುತ್ತ ಲೋಳೆ ಕಟ್ಕೊಳ್ಳುತ್ತಲ್ಲ, ಹಂಗೆ ನೀರು ಹೀರ್ಕೊಂಡು ಮೆತ್ತಗಿರೋ ಪದಾರ್ಥ ಅದು. ಮಿದುಳೂ ಮೆತ್ತಗೇ ಇರೋದು. ಪೆಟ್ಟಾಗಿ ಹಳ್ಳ ಬಿದ್ದ ಜಾಗದಲ್ಲಿ ಅದನ್ನ ಇಟ್ರೆ, ನರದ ಎಳೆಗಳು ಅದ್ರೊಳಗೆ ಬೆಳ್ಕೊಂಡು ಹೋಗ್ತಾವಾ ಅಂತ ಇಲಿಗಳಲ್ಲಿ ನೋಡ್ತಿದ್ದಾರೆ. ಮನುಷ್ಯರಿಗೆ ಯಾವಾಗ ಬರುತ್ತೋ, ಬರುತ್ತೋ ಇಲ್ವೋ, ಯಾರಿಗೂ ಗೊತ್ತಿಲ್ಲ."

"ನೂಲು ತೆಗೆಯುವಾಗ ಎಳೆ ಕಿತ್ತೋದ್ರೆ ನಾವು ದಿನಾ ಸೇರಿಸ್ತೀವಲ್ಲ. ಅಷ್ಟು ದೊಡ್ಡ ಡಾಕ್ಟ್ರುಗಳ ಕೈಲಿ ಆಗಲ್ವಾ?"

"ರೇಷ್ಮೆ ಎಳೆ ಸೇರಿಸ್ಬಹುದು. ಮಿದುಳಿನ ಎಳೆ ಇನ್ನೂ ಯಾರ ಕೈಲೂ ಆಗಿಲ್ಲ. ಆದ್ರೆ ಉಳ್ಕೊಂಡಿರೋ ಭಾಗಕ್ಕೆ ಕೆಲ್ಸ ಕಲಿಸ್ಬಹುದು. ಅದಕ್ಕೇ ವ್ಯಾಯಾಮ. ಔಷಧಿ ಬರ್ಲಿ ಅಂತ ಕಾಯ್ತಾ ಕೂತ್ರೆ ಇರೋ ಕೈನೂ ಕಳ್ಕೊಳ್ತೀರ."

ಅನುಸೂಯಮ್ಮ ಮಗನ ಮಡಚಿದ ಬೆರಳು ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು. "ಅವತ್ತು ಸಂಜೇನೇ ಕರ್ಕೊಂಡು ಹೋಗಿದ್ದಿದ್ರೆ?"

ಮುನಿರತ್ನಮ್ಮ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ರಕ್ತ ಮಿದುಳನ್ನ ಅಮುಕೋಕೆ ಮುಂಚೆ ತೆಗೀತಿದ್ರು. ಕೈ, ಮಾತು ಎರಡೂ ಉಳೀತಿತ್ತೇನೋ."

"ಪ್ರಮೋದಾ ಹೇಳಿದ್ಲು. ನಾನೇ ಬೇಡ ಅಂದೆ. ನನ್ನ ಮಗನ್ನ ನಾನೇ ಮಲಗಿಸ್ಬಿಟ್ಟೆ," ಎಂದು ಅನುಸೂಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಪ್ರಮೋದಾ ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು.

ಈಗ ಬೆಳಗ್ಗೆ ಸಂಜೆ ಮಗನ ಬೆರಳು ಬಿಡಿಸುವವರು ಅನುಸೂಯಮ್ಮನೇ. ಅವನು ನೋವಿಗೆ ಅಳುತ್ತಾನೆ, ಇವರೂ ಅಳುತ್ತಾರೆ, ನಿಲ್ಲಿಸುವುದಿಲ್ಲ. ಹೋದ ತಿಂಗಳಿಂದ ಲೋಟ ಹಿಡಿಯುತ್ತಿದ್ದಾನೆ. ಮಾತು ಇನ್ನೂ ಬಂದಿಲ್ಲ.

ಈ ಕರಪತ್ರ ಬರೆಯುವಾಗ ಹೆಸರು ಬದಲಿಸೋಣವೇ ಎಂದು ಕೇಳಿದೆವು. "ಬೇಡ, ನಮ್ಮ ಹೆಸ್ರೇ ಹಾಕಿ. ಇನ್ನೊಬ್ಬ ತಾಯಿ ನನ್ನಂಗೆ ಮಾಡ್ಬಾರ್ದು," ಅಂದರು ಅನುಸೂಯಮ್ಮ.

ಅಕ್ಕಂದಿರೇ, ಅಣ್ಣಂದಿರೇ, ತಲೆಗೆ ಪೆಟ್ಟಾದರೆ ರಕ್ತ ಹುಡುಕುತ್ತಾ ನಿಲ್ಲಬೇಡಿ. ವಾಂತಿಯಾದರೆ, ತಲೆನೋವು ಹೆಚ್ಚಾದರೆ, ಮಾತು ತೊದಲಿದರೆ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಎಳೆದರೆ, ಪಿತ್ತ, ದೃಷ್ಟಿ ಅಂತ ನೆಪ ಹೇಳಬೇಡಿ. ಬಸ್ಸೋ ಲಾರಿಯೋ, ಸಿಕ್ಕಿದ್ದು ಹತ್ತಿ ಆಸ್ಪತ್ರೆಗೆ ಹೋಗಿ. ಪೆಟ್ಟು ತಿಂದ ಮಿದುಳನ್ನು ಕೂಡಿಸುವ ವಿದ್ಯೆ ಮುಂದೆ ಎಂದಾದರೂ ಬರಬಹುದು, ಬರಲಿ. ಇವತ್ತು ನಿಮ್ಮ ಮನೆಯವರು ಬಿದ್ದರೆ ಅದು ಇಲ್ಲ. ನಿಮ್ಮ ಕೈಯಲ್ಲಿರುವುದು ಬಿದ್ದ ಮೇಲಿನ ಕೆಲವೇ ಗಂಟೆ. ಅಷ್ಟರೊಳಗೆ ಹೊರಟುಬಿಡಿ.